ಆಗ ಬೇಡ ಅಂದವರು ಯಾರು? ಮೋಟರ್‌ಹೆಡ್‌ನ ಹಳೇ ಟೇಪುಗಳು ಎತ್ತುವ ಪ್ರಶ್ನೆ

2025ರ ಜೂನ್ 27ರಂದು ಬ್ರಿಟನ್‌ನ ರಾಕ್ ಬ್ಯಾಂಡ್ ಮೋಟರ್‌ಹೆಡ್‌ನ ಒಂದು ಆಲ್ಬಮ್ ಹೊರಬಂತು. ಹೆಸರು 'ದಿ ಮ್ಯಾಂಟಿಕೋರ್ ಟೇಪ್ಸ್'. ಅದರ ಹಾಡುಗಳನ್ನು ನುಡಿಸಿದ್ದು 1976ರ ಆಗಸ್ಟ್‌ನಲ್ಲಿ. ಲಂಡನ್‌ನ ಫುಲಮ್‌ನಲ್ಲಿ ಒಂದು ಹಳೇ ಸಿನಿಮಾ ಮಂದಿರ ಇತ್ತು. ಎಮರ್ಸನ್, ಲೇಕ್ ಅಂಡ್ ಪಾಮರ್ ಬ್ಯಾಂಡಿನವರು ಅದನ್ನು ತಾಲೀಮಿನ ಜಾಗ ಮಾಡಿಕೊಂಡು ಮ್ಯಾಂಟಿಕೋರ್ ಅಂತ ಹೆಸರಿಟ್ಟಿದ್ದರು. ಮೋಟರ್‌ಹೆಡ್ ಈ ಹಾಡುಗಳನ್ನು ರೆಕಾರ್ಡ್ ಮಾಡಿದ್ದು ಅಲ್ಲೇ.

ನುಡಿಸಿದವರು ಮೂರೇ ಜನ. ಹಾಡು ಮತ್ತು ಬಾಸ್ ಲೆಮ್ಮಿಯದು. ಗಿಟಾರ್ ಎಡ್ಡಿ ಕ್ಲಾರ್ಕ್. ಡ್ರಮ್ಸ್ ಫಿಲ್ ಟೇಲರ್. ಆಲ್ಬಮ್ ಬರುವ ಹೊತ್ತಿಗೆ ಮೂವರೂ ಇರಲಿಲ್ಲ. ಟೇಲರ್ 2015ರ ನವೆಂಬರ್ 11ರಂದು ತೀರಿಕೊಂಡರು. ಲೆಮ್ಮಿ ಅದೇ ವರ್ಷ ಡಿಸೆಂಬರ್ 28ರಂದು ಹೋದರು. ಕ್ಲಾರ್ಕ್ 2018ರ ಜನವರಿಯಲ್ಲಿ.

ಆಲ್ಬಮ್ ಬಂದಾಗ ಪೂರ್ತಿ ಕೂತು ಕೇಳಿದೆ. ಖುಷಿಯಾಯಿತು. ಮುಂದೆ ಏನಾಗುತ್ತೇವೆ ಅಂತ ತಮಗೇ ಗೊತ್ತಿಲ್ಲದ ಮೂವರು ಒಂದು ಖಾಲಿ ಸಭಾಂಗಣದಲ್ಲಿ ಜೋರಾಗಿ ನುಡಿಸುತ್ತಿದ್ದಾರೆ. ಅದನ್ನು ಕೇಳುವುದೇ ಒಂದು ಅನುಭವ. ಎರಡನೇ ಸಲ ಕೇಳುವಾಗ ಮಾತ್ರ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಇಷ್ಟು ವರ್ಷ ಇದು ಯಾಕೆ ಬರಲಿಲ್ಲ? ಆಗ ಬೇಡ ಅಂದವರು ಯಾರು? ಈಗ ಆಗಲಿ ಅಂದವರು ಯಾರು?

ಹಳೇ ಟೇಪು ಹೊರಬಂದಾಗ ನಾವೆಲ್ಲ ಮೊದಲು ನೋಡುವುದು ಚೆನ್ನಾಗಿದೆಯಾ ಇಲ್ವಾ ಅಂತ. ನನ್ನ ಪ್ರಕಾರ ಅದಕ್ಕೂ ಮುಂಚೆ ಈ ಪ್ರಶ್ನೆ ಬರಬೇಕು. ಕಂಪನಿ ಬೇಡ ಅಂದು ಮೂಲೆಗೆ ಹಾಕಿದ ಟೇಪು ಬೇರೆ. ನುಡಿಸಿದವರೇ ಬೇಡ ಅಂದ ಟೇಪು ಬೇರೆ. ಎರಡಕ್ಕೂ 'ಕಳೆದುಹೋದ ನಿಧಿ' ಅಂತ ಒಂದೇ ಚೀಟಿ ಅಂಟಿಸಿ ಮಾರಿದರೆ ಕೇಳುವವರಿಗೂ ಅನ್ಯಾಯ, ನುಡಿಸಿದವರಿಗೂ ಅನ್ಯಾಯ.

ಮೋಟರ್‌ಹೆಡ್‌ನ ಕಥೆಯಲ್ಲಿ ಈ ವ್ಯತ್ಯಾಸ ತುಂಬಾ ಚೆನ್ನಾಗಿ ಕಾಣುತ್ತದೆ. ಯಾಕೆಂದರೆ ಇವರ ಟೇಪು ಹೀಗೆ ತಡವಾಗಿ ಹೊರಬಂದದ್ದು ಇದೇ ಮೊದಲಲ್ಲ.

ಶುರುವಿನಿಂದ ಹೇಳುತ್ತೇನೆ. 1975ರ ಮೇ ತಿಂಗಳಲ್ಲಿ ಲೆಮ್ಮಿಯನ್ನು ಹಾಕ್‌ವಿಂಡ್ ಬ್ಯಾಂಡಿನಿಂದ ತೆಗೆದುಹಾಕಿದರು. ಪ್ರವಾಸದಲ್ಲಿದ್ದಾಗ ಕೆನಡಾ ಗಡಿಯಲ್ಲಿ ಮಾದಕ ವಸ್ತುವಿನ ಆರೋಪದ ಮೇಲೆ ಅವರ ಬಂಧನವಾಗಿತ್ತು. ಮನೆಗೆ ಬಂದವರೇ ಹೊಸ ತಂಡ ಕಟ್ಟಿದರು. ಹಾಕ್‌ವಿಂಡ್‌ಗೆ ತಾವು ಬರೆದ ಕೊನೆಯ ಹಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ಗಿಟಾರ್‌ಗೆ ಲ್ಯಾರಿ ವಾಲಿಸ್ ಬಂದರು, ಡ್ರಮ್ಸ್‌ಗೆ ಲೂಕಸ್ ಫಾಕ್ಸ್. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಒಪ್ಪಂದ ಮಾಡಿಕೊಂಡು ಇವರನ್ನು ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋಗೆ ಕಳಿಸಿತು. ಮೊದಲ ನಿರ್ಮಾಪಕ ಡೇವ್ ಎಡ್ಮಂಡ್ಸ್ ಕೆಲವು ಹಾಡುಗಳಾದ ಮೇಲೆ ಬಿಟ್ಟುಹೋದರು. ಫ್ರಿಟ್ಸ್ ಫ್ರೈಯರ್ ಬಂದು ಉಳಿದದ್ದನ್ನು ಮುಗಿಸಿದರು.

ಅಷ್ಟರಲ್ಲಿ ಡ್ರಮ್ಮರ್ ಬದಲಾದರು. ಫಾಕ್ಸ್ ಹೋದರು, ಫಿಲ್ ಟೇಲರ್ ಬಂದರು. ಆಮೇಲೆ ನಡೆದದ್ದು ರೆಕಾರ್ಡಿಂಗ್ ಗೊತ್ತಿದ್ದವರಿಗೆ ಆಶ್ಚರ್ಯ ಅನ್ನಿಸುತ್ತದೆ. ಸಾಮಾನ್ಯವಾಗಿ ಡ್ರಮ್ಸ್ ಮೊದಲು. ಅದು ಮನೆಯ ತಳಪಾಯ ಇದ್ದ ಹಾಗೆ. ಗಿಟಾರ್, ಬಾಸ್, ಹಾಡು ಎಲ್ಲ ಅದರ ಮೇಲೆ ಬರುತ್ತವೆ. ಇಲ್ಲಿ ಉಲ್ಟಾ ಆಯಿತು. ಮುಗಿದ ಗಿಟಾರ್ ಮತ್ತು ಬಾಸ್ ಕೇಳಿಕೊಂಡು ಟೇಲರ್ ಹೊಸದಾಗಿ ಡ್ರಮ್ಸ್ ಬಾರಿಸಿದರು. ಅದೂ ಇನ್ನೊಬ್ಬರ ಕೈ ಲಯಕ್ಕೆ ನುಡಿಸಿದ ಗಿಟಾರ್‌ಗೆ! 'ಲಾಸ್ಟ್ ಜಾನಿ' ಒಂದನ್ನು ಬಿಟ್ಟು ಎಲ್ಲ ಹಾಡುಗಳಿಗೂ ಹೀಗೇ ಮಾಡಿದರು.

ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಕಂಪನಿ ಆಲ್ಬಮ್ ಹೊರತರಲಿಲ್ಲ. ಟೇಪನ್ನು ಕಪಾಟಿಗೆ ಸೇರಿಸಿತು. ಇವರನ್ನು ಬಿಟ್ಟುಕೊಡಲೂ ಇಲ್ಲ. 1976ರ ಕೊನೆಗೆ ಸ್ಟಿಫ್ ಅನ್ನುವ ಪುಟ್ಟ ಕಂಪನಿಗೆ ಬ್ಯಾಂಡ್ ಎರಡು ಹಾಡು ರೆಕಾರ್ಡ್ ಮಾಡಿತು. ಆ ಸಿಂಗಲ್‌ಗೂ (ಒಂದೆರಡು ಹಾಡಿನ ಪುಟ್ಟ ರೆಕಾರ್ಡ್) ಹಳೇ ಒಪ್ಪಂದ ಅಡ್ಡ ಬಂತು. ಆಲ್ಬಮ್ ಇಲ್ಲ, ಸಿಂಗಲ್ ಇಲ್ಲ, ದುಡ್ಡಿಲ್ಲ. 1977ರ ಏಪ್ರಿಲ್ ಹೊತ್ತಿಗೆ ಬ್ಯಾಂಡ್ ಮುಚ್ಚಿಬಿಡುವ ಮಾತು ಬಂದಿತ್ತು. ಚಿಸ್ವಿಕ್ ರೆಕಾರ್ಡ್ಸ್‌ನ ಟೆಡ್ ಕ್ಯಾರೊಲ್ ಒಂದು ಸಿಂಗಲ್ ಮಾಡಿಕೊಳ್ಳಿ ಅಂತ ಎರಡು ದಿನದ ಸ್ಟುಡಿಯೋ ಸಮಯ ಕೊಟ್ಟರು. ಇವರು ಆ ಎರಡು ದಿನದಲ್ಲಿ 11 ಹಾಡುಗಳನ್ನು ನುಡಿಸಿಟ್ಟರು. ಹಸಿದವರ ಕೆಲಸ ಅಂದರೆ ಇದು. ಕ್ಯಾರೊಲ್ ಇನ್ನಷ್ಟು ದಿನ ಕೊಟ್ಟರು. ಆ ಕೆಲಸದಿಂದ ಬಂದದ್ದೇ 1977ರ ಮೊದಲ ಆಲ್ಬಮ್. ಅದರ ಹೆಚ್ಚಿನ ಹಾಡುಗಳು ಕಪಾಟಿನಲ್ಲಿ ಕೊಳೆಯುತ್ತಿದ್ದ ಹಾಡುಗಳೇ, ಹೊಸದಾಗಿ ನುಡಿಸಿದ್ದು.

1979ಕ್ಕೆ ಅದೃಷ್ಟ ತಿರುಗಿತು. ಬ್ರಾಂಜ್ ಕಂಪನಿಯಲ್ಲಿ ಒಂದೇ ವರ್ಷದಲ್ಲಿ ಎರಡು ಆಲ್ಬಮ್ ಬಂದವು, 'ಓವರ್‌ಕಿಲ್' ಮತ್ತು 'ಬಾಂಬರ್'. ಎರಡೂ ಗೆದ್ದವು. 'ಬಾಂಬರ್' ಬಂದದ್ದು ಅಕ್ಟೋಬರ್ ಕೊನೆಗೆ. ಡಿಸೆಂಬರ್ 8ಕ್ಕೆ ಅಂಗಡಿಗಳಲ್ಲಿ ಇನ್ನೊಂದು ಮೋಟರ್‌ಹೆಡ್ ಆಲ್ಬಮ್ ಕಾಣಿಸಿತು. ಹೆಸರು 'ಆನ್ ಪರೋಲ್'. ಯುನೈಟೆಡ್ ಆರ್ಟಿಸ್ಟ್ಸ್ ಮೂರು ವರ್ಷ ಮುಚ್ಚಿಟ್ಟಿದ್ದ ಅದೇ ಟೇಪು.

ಆಗ ಕ್ರಿಸ್‌ಮಸ್‌ಗೆ ಅಂತ ಇದನ್ನು ಕೊಂಡ ಹುಡುಗನನ್ನು ನೆನೆಸಿಕೊಳ್ಳಿ. ವೇದಿಕೆಯಲ್ಲಿ ಅವನು ನೋಡಿದ್ದು ಎಡ್ಡಿ ಕ್ಲಾರ್ಕ್‌ರನ್ನು. ಈ ರೆಕಾರ್ಡಿನಲ್ಲಿ ಕ್ಲಾರ್ಕ್ ಇಲ್ಲವೇ ಇಲ್ಲ. ವೇಗ ಕಡಿಮೆ, ಸದ್ದು ತೆಳು. ಕಂಪನಿಗೆ ಅದರ ಚಿಂತೆ ಇರಲಿಲ್ಲ. ಕಾಗದದ ಪ್ರಕಾರ ಟೇಪು ಅವರದ್ದು. ಬೇಡ ಅಂದವರೂ ಅವರೇ, ಲಾಭ ಕಂಡಾಗ ಬೇಕು ಅಂದವರೂ ಅವರೇ. ನನಗೆ ಕೋಪ ಬರುವುದು ಇಲ್ಲಿ. ತಡವಾಗಿ ಬಂತು ಅನ್ನುವುದು ದೊಡ್ಡ ವಿಷಯ ಅಲ್ಲ. ಬೇಕಾಗಿದ್ದಾಗ ಕೊಡದೆ, ಅವರು ಬೇರೆ ದಾರಿ ಹಿಡಿದ ಮೇಲೆ ಅವರ ಹೊಸ ಆಲ್ಬಮ್ ಪಕ್ಕದಲ್ಲೇ ಇದನ್ನು ತಂದಿಟ್ಟರಲ್ಲ, ಅದು ತಪ್ಪು.

ಹಾಗಂತ 'ಆನ್ ಪರೋಲ್' ಬರಲೇಬಾರದಿತ್ತು ಅಂತ ನಾನು ಹೇಳುವುದಿಲ್ಲ. ಈಗ ಅದು ನನಗೆ ತುಂಬಾ ಇಷ್ಟದ ರೆಕಾರ್ಡ್. ವಾಲಿಸ್ ಗಿಟಾರ್‌ನಲ್ಲಿ ಹಳೇ ರಾಕ್ ಅಂಡ್ ರೋಲ್‌ನ ಒಂದು ಓಲಾಟ ಇದೆ. ಕ್ಲಾರ್ಕ್ ಬಂದ ಮೇಲೆ ಅದು ಮತ್ತೆ ಕೇಳಿಸಲಿಲ್ಲ. ಕಂಪನಿಯ ಬೇಡವನ್ನು ಯಾರಾದರೂ ಒಂದು ದಿನ ಅಳಿಸಿಹಾಕಬೇಕಿತ್ತು. ಅದನ್ನು ಬ್ಯಾಂಡಿನ ಜೊತೆ ಕೂತು ಮಾಡಬೇಕಿತ್ತು ಅಷ್ಟೇ.

ಮ್ಯಾಂಟಿಕೋರ್ ಟೇಪುಗಳ ವಿಷಯ ಬೇರೆ. ರಾಕ್‌ಫೀಲ್ಡ್‌ನದು ಆಲ್ಬಮ್‌ಗೆ ಅಂತಲೇ ಮಾಡಿದ ಕೆಲಸ. ಇದು ಹಾಗಲ್ಲ. 1976ರ ಶುರುವಿನಲ್ಲಿ ಕ್ಲಾರ್ಕ್ ಸೇರಿದರು, ಸ್ವಲ್ಪ ದಿನಕ್ಕೇ ವಾಲಿಸ್ ಹೊರಟರು. ಆಗಸ್ಟ್ ಹೊತ್ತಿಗೆ ಈ ಮೂವರು ಒಟ್ಟಿಗೆ ನುಡಿಸಲು ಶುರುಮಾಡಿ ಕೆಲವೇ ತಿಂಗಳಾಗಿತ್ತು. ಹಾಗಾಗಿ ಟೇಪಿನಲ್ಲಿ ಒಂದೇ ಹಾಡು ಎರಡು ಸಲ ಬರುತ್ತದೆ. ಹಾಡಿಲ್ಲದ, ಬರೀ ವಾದ್ಯದ ತುಣುಕುಗಳೂ ಇವೆ. ಒಂದು ತಂಡ ತನ್ನ ಸದ್ದನ್ನು ಹುಡುಕಿಕೊಳ್ಳುವ ಹೊತ್ತು ಅದು. ಇದನ್ನು ಅವರು ಆಲ್ಬಮ್ ಅಂತ ನಮ್ಮ ಮುಂದೆ ಇಟ್ಟದ್ದಲ್ಲ. ನಾವು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದೇವೆ. ಅಷ್ಟು ತಿಳಿದುಕೊಂಡು ಕೇಳಿದರೆ ಇದರ ಒರಟುತನ ಹಿತವಾಗುತ್ತದೆ. ಮೊದಲ ಆಲ್ಬಮ್ ಅಂದುಕೊಂಡು ಕೇಳಿದರೆ ನಿರಾಸೆಯಾಗಬಹುದು.

ಟೇಪನ್ನು ಸರಿಪಡಿಸಿದವರಲ್ಲಿ ಕ್ಯಾಮರನ್ ವೆಬ್ ಇದ್ದರು. 2004ರ 'ಇನ್‌ಫರ್ನೋ' ಆಲ್ಬಮ್‌ನಿಂದ ಲೆಮ್ಮಿ ಜೊತೆ ಕೆಲಸ ಮಾಡುತ್ತಾ ಬಂದ ನಿರ್ಮಾಪಕ ಅವರು. ನುಡಿಸಿದವರು ಇಲ್ಲದಾಗ, ಅವರ ಕಿವಿ ಯಾವ ಥರದ್ದು ಅಂತ ಗೊತ್ತಿದ್ದವರ ಕೈಗೆ ಟೇಪು ಹೋಯಿತು. ಇದು ಸಣ್ಣ ಸಮಾಧಾನ ಅಲ್ಲ.

ಈಗಲೇ ಯಾಕೆ?

2025ಕ್ಕೆ ಮೋಟರ್‌ಹೆಡ್ ಹುಟ್ಟಿ 50 ವರ್ಷ. ಆಲ್ಬಮ್ ತರಲು ಅದೊಂದೇ ಸಾಕು. ಆದರೆ ಇದಕ್ಕೆ ಕಾನೂನಿನ ಒಂದು ಮುಖವೂ ಇದೆ. ಹಳೇ ಟೇಪುಗಳ ಬಗ್ಗೆ ಮಾತಾಡುವಾಗ ಅದನ್ನು ಹೇಳುವವರು ಕಡಿಮೆ.

ಬ್ರಿಟನ್ ಮತ್ತು ಯುರೋಪಿನಲ್ಲಿ ರೆಕಾರ್ಡಿಂಗ್‌ಗೆ ಪ್ರತ್ಯೇಕ ಕಾಪಿರೈಟ್ ಇದೆ. ಹಾಡು ಬರೆದವರ ಹಕ್ಕು ಬೇರೆ, ಅವರು ಸತ್ತ ಮೇಲೂ 70 ವರ್ಷ ಉಳಿಯುತ್ತದೆ. ಇಲ್ಲಿ ಹೇಳುತ್ತಿರುವುದು ಆ ಸದ್ದಿನ ಹಕ್ಕಿನ ಬಗ್ಗೆ. 2011ರಲ್ಲಿ ಯುರೋಪಿಯನ್ ಒಕ್ಕೂಟ ಇದರ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಬ್ರಿಟನ್‌ನಲ್ಲಿ ಅದು 2013ರ ನವೆಂಬರ್‌ನಿಂದ ಜಾರಿಗೆ ಬಂತು. ಒಳಗೆ ಒಂದು ಷರತ್ತಿದೆ. ರೆಕಾರ್ಡ್ ಮಾಡಿದ ವರ್ಷದ ಕೊನೆಯಿಂದ 50 ವರ್ಷದೊಳಗೆ ಅದನ್ನು ಹೊರತರಬೇಕು. ತಂದರೆ, ಹೊರತಂದ ವರ್ಷದ ಕೊನೆಯಿಂದ 70 ವರ್ಷ ಹಕ್ಕು. ತರದಿದ್ದರೆ 50ಕ್ಕೇ ಹಕ್ಕು ಮುಗಿಯಿತು. ಆಮೇಲೆ ಆ ಟೇಪಿನ ಪ್ರತಿ ಯಾರ ಬಳಿ ಇದ್ದರೂ ಕಂಪನಿ ಆ ಸದ್ದು ನಮ್ಮದು ಅಂತ ತಡೆಯುವುದು ಕಷ್ಟ.

ಇದರ ಪರಿಣಾಮ ಮೊದಲು ಕಂಡದ್ದು 1960ರ ದಶಕದ ಸಂಗೀತದಲ್ಲಿ. 2012ರ ಕೊನೆಗೆ ಬಾಬ್ ಡಿಲನ್‌ರ ಹಳೇ ರೆಕಾರ್ಡಿಂಗ್‌ಗಳ ಒಂದು ಸಂಗ್ರಹ ಯುರೋಪಿನಲ್ಲಿ ಬಂತು, ಸುಮಾರು ನೂರೇ ಪ್ರತಿ. 2013ರ ಡಿಸೆಂಬರ್‌ನಲ್ಲಿ ಬೀಟಲ್ಸ್‌ನ 1963ರ 59 ರೆಕಾರ್ಡಿಂಗ್‌ಗಳು ದೊಡ್ಡ ಪ್ರಚಾರವಿಲ್ಲದೆ ಐಟ್ಯೂನ್ಸ್‌ಗೆ ಬಂದವು. ಎರಡರಲ್ಲೂ ಅವಸರ ಕಾನೂನಿನದು.

ಈಗ ಲೆಕ್ಕ ಹಾಕಿ. ಮ್ಯಾಂಟಿಕೋರ್ ಟೇಪು 1976ರದು. ಹೊರಬರದೆ ಇದ್ದಿದ್ದರೆ 2026ರ ಡಿಸೆಂಬರ್ 31ಕ್ಕೆ ಗಡುವು ಮುಗಿಯುತ್ತಿತ್ತು. 2025ರಲ್ಲಿ ಬಂದದ್ದರಿಂದ 2095ರ ಕೊನೆಯವರೆಗೆ ಹಕ್ಕು ಉಳಿಯಿತು. ಆಲ್ಬಮ್ ಬಂದದ್ದು ಇದಕ್ಕೇ ಅಂತ ನಾನು ಹೇಳುತ್ತಿಲ್ಲ. ಆದರೆ ಹಳೇ ಟೇಪು ಇಟ್ಟುಕೊಂಡ ಯಾವ ಕಂಪನಿಯೂ ಈ ತಾರೀಖನ್ನು ಮರೆತು ಕೂರುವುದಿಲ್ಲ. ಮುಂದೆ ಏನಾಗುತ್ತೆ ಅಂತಲೂ ಇದರಿಂದ ಊಹಿಸಬಹುದು. ಬ್ರಿಟನ್‌ನಲ್ಲಿ ಹೆವಿ ಮೆಟಲ್, ಅಂದರೆ ಗಿಟಾರ್ ಅಬ್ಬರದ ರಾಕ್ ಸಂಗೀತದ ಹೊಸ ಅಲೆ ಎದ್ದದ್ದು 1979, 1980ರಲ್ಲಿ. ಆ ಕಾಲದ ಡೆಮೊಗಳ (ಆಲ್ಬಮ್‌ಗೆ ಮುಂಚೆ ಮಾಡುವ ಮಾದರಿ ರೆಕಾರ್ಡಿಂಗ್) ಗಡುವು 2029, 2030. ಇನ್ನು ಕೆಲವು ವರ್ಷ ಕಪಾಟುಗಳು ಒಂದೊಂದಾಗಿ ತೆರೆಯುತ್ತಲೇ ಇರುತ್ತವೆ ಅಂತ ನನ್ನ ಅಂದಾಜು.

ಇದರಲ್ಲಿ ನನಗೆ ಒಳ್ಳೆಯದು ಕಾಣುತ್ತದೆ, ಯಾಕೆಂದರೆ ಟೇಪು ನಮಗಾಗಿ ಕಾಯುವುದಿಲ್ಲ. ಟೇಪು ಅಂದರೆ ಏನು? ಉದ್ದದ ಪ್ಲಾಸ್ಟಿಕ್ ಪಟ್ಟಿ, ಮೇಲೆ ಕಬ್ಬಿಣದ ಆಕ್ಸೈಡ್ ಪುಡಿ, ಪುಡಿ ಉದುರದ ಹಾಗೆ ಒಂದು ಅಂಟು. 1970ರ ದಶಕದ ಮಧ್ಯದಿಂದ ಬಂದ ಹಲವು ಟೇಪುಗಳಲ್ಲಿ ಈ ಅಂಟು ಗಾಳಿಯ ತೇವ ಹೀರಿಕೊಂಡು ಜಿಗಟಾಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಪುಡಿ ಕಿತ್ತುಕೊಂಡು ಬರುತ್ತದೆ. ಪುಡಿ ಹೋದರೆ ಹಾಡೇ ಹೋಯಿತು. ಅದಕ್ಕೆ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ತೇವ ಓಡಿಸುತ್ತಾರೆ. ಆಮೇಲೆ ಕೆಲವು ದಿನ ಅಥವಾ ವಾರ ಮಾತ್ರ ಅದು ಸರಿಯಾಗಿ ಓಡುತ್ತದೆ. ಅಷ್ಟರೊಳಗೆ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು.

ಹಾಳಾಗುವುದಕ್ಕೆ ಬೇರೆ ದಾರಿಗಳೂ ಇವೆ. 2008ರ ಜೂನ್ 1ರಂದು ಹಾಲಿವುಡ್‌ನ ಯುನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಬೆಂಕಿ ಬಿದ್ದಾಗ ಅಲ್ಲಿದ್ದ ಮೂಲ ಟೇಪುಗಳೂ ಸುಟ್ಟವು. ಬ್ರಿಟನ್‌ನ ಇನ್ನೊಂದು ಬ್ಯಾಂಡ್ ಐರನ್ ಮೇಡನ್‌ಗೆ ಆದದ್ದು ಇನ್ನೂ ಹೊಟ್ಟೆ ಉರಿಸುತ್ತದೆ. 1978ರ ಡಿಸೆಂಬರ್ 30 ಮತ್ತು 31ಕ್ಕೆ ಅವರು ಕೇಂಬ್ರಿಡ್ಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಮೂಲ ಟೇಪು ಕೊಂಡುಕೊಳ್ಳಲು ಆಗ ಕೈಯಲ್ಲಿ ಕಾಸಿರಲಿಲ್ಲ. ಆಮೇಲೆ ದುಡ್ಡು ಹೊಂದಿಸಿಕೊಂಡು ಹೋದರೆ, ಸ್ಟುಡಿಯೋದವರು ಆ ಟೇಪನ್ನು ಅಳಿಸಿಯಾಗಿತ್ತು.

ನುಡಿಸಿದವರೇ ಬೇಡ ಅಂದಾಗ

ಅದೇ ಐರನ್ ಮೇಡನ್ ಕಥೆಯಲ್ಲಿ ಎರಡನೇ ಥರದ ಬೇಡವೂ ಇದೆ. ಆ ನಾಲ್ಕು ಹಾಡುಗಳಲ್ಲಿ ಮೂರನ್ನು, ತಮ್ಮ ಬಳಿ ಉಳಿದಿದ್ದ ಪ್ರತಿಯಿಂದ, 1979ರ ನವೆಂಬರ್‌ನಲ್ಲಿ 'ದಿ ಸೌಂಡ್‌ಹೌಸ್ ಟೇಪ್ಸ್' ಅಂತ ತಾವೇ ಹೊರತಂದರು, 5,000 ಪ್ರತಿ. ನಾಲ್ಕನೆಯದು 'ಸ್ಟ್ರೇಂಜ್ ವರ್ಲ್ಡ್'. ಅದು ಬಂದ ರೀತಿ ಅವರಿಗೇ ಸಮಾಧಾನ ತರಲಿಲ್ಲ, ಬಿಟ್ಟರು. 1996ರಲ್ಲಿ ಒಂದು ಸಂಗ್ರಹದ ಎಲ್‌ಪಿ ಆವೃತ್ತಿಗೆ ಅದನ್ನೂ ಸೇರಿಸಿದರು. ಬೇಡ ಅಂದದ್ದು ಅವರೇ, 17 ವರ್ಷದ ಮೇಲೆ ಆಗಲಿ ಅಂದದ್ದೂ ಅವರೇ. ಇದರಲ್ಲಿ ಯಾರಿಗೂ ಮೋಸ ಆಗಲಿಲ್ಲ.

ನಾರ್ವೆಯ ಡಾರ್ಕ್‌ಥ್ರೋನ್ ಬ್ಯಾಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1990ರ ಸುಮಾರಿಗೆ ಅವರು ಡೆತ್ ಮೆಟಲ್ ನುಡಿಸುತ್ತಿದ್ದರು. 'ಗೋಟ್‌ಲಾರ್ಡ್' ಅಂತ ಒಂದು ಆಲ್ಬಮ್‌ನ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ ಮನಸ್ಸು ಮೆಟಲ್‌ನದೇ ಇನ್ನೊಂದು ಕವಲಾದ ಬ್ಲ್ಯಾಕ್ ಮೆಟಲ್ ಕಡೆ ತಿರುಗಿತು. ತಾಲೀಮಿನ ಟೇಪನ್ನು ಅಲ್ಲೇ ಬಿಟ್ಟರು. 1994ರಲ್ಲಿ ಬ್ಯಾಂಡಿನ ಡ್ರಮ್ಮರ್ ಫೆನ್ರಿಜ್ ಅದರ ಮೇಲೆ ಹಾಡಿ ಸೇರಿಸಿದರು, 1996ರಲ್ಲಿ ಆಲ್ಬಮ್ ಬಂತು. ಹಾಗಾದರೆ ಅದು ಯಾವ ವರ್ಷದ ಆಲ್ಬಮ್? ವಾದ್ಯ ಒಂದು ಕಾಲದ್ದು, ದನಿ ಇನ್ನೊಂದು ಕಾಲದ್ದು. ಎರಡೂ ಅವರದ್ದೇ ಕೈ, ಅದಕ್ಕೆ ಒಪ್ಪಬಹುದು. ಅದೇ ಕೆಲಸವನ್ನು ಸತ್ತವರ ಟೇಪಿನ ಮೇಲೆ ಬೇರೆ ಯಾರೋ ಮಾಡಿದರೆ ನಾನು ಒಪ್ಪಲಾರೆ.

ಇದು ಬರೀ ಊಹೆ ಅಲ್ಲ. ಒಂದೇ ಟ್ರ್ಯಾಕಿನಲ್ಲಿ ಕಲಸಿಹೋದ ಸದ್ದುಗಳನ್ನು ಬಿಡಿಸುವ ತಂತ್ರಜ್ಞಾನ ಈಗ ಇದೆ. 2023ರಲ್ಲಿ ಜಾನ್ ಲೆನನ್‌ರ ಹಳೇ ಕ್ಯಾಸೆಟ್‌ನಿಂದ ಅವರ ದನಿಯನ್ನು ಬೇರೆ ಮಾಡಿ ಬೀಟಲ್ಸ್ ಹಾಡೊಂದನ್ನು ಮುಗಿಸಿದ್ದು ಹೀಗೇ. ಮೆಟಲ್ ಬ್ಯಾಂಡುಗಳ ತಾಲೀಮು ಟೇಪುಗಳಿಗೆ ಇದು ವರ ಆಗಬಹುದು. ಗಿಟಾರ್ ಅಬ್ಬರದಲ್ಲಿ ಮುಳುಗಿದ ದನಿಯನ್ನು ಮೇಲೆ ತರಬಹುದು. ಆದರೆ ಬಿಡಿಸುವುದಕ್ಕೂ ಬದಲಿಸುವುದಕ್ಕೂ ನಡುವೆ ಇರುವುದು ಒಂದು ಗುಂಡಿ ಒತ್ತುವಷ್ಟು ದೂರ. ತಪ್ಪಿದ ತಾಳವನ್ನು ಸರಿಮಾಡೋಣ, ಡ್ರಮ್ಸ್ ಸ್ವಲ್ಪ ದಪ್ಪ ಮಾಡೋಣ ಅಂತ ಶುರುವಾದರೆ, ಕೊನೆಗೆ 1976ರಲ್ಲಿ ಯಾರೂ ನುಡಿಸದ ಸಂಗೀತ ನಮ್ಮ ಕಿವಿಗೆ ಬರುತ್ತದೆ. ಏನು ಮುಟ್ಟಿದ್ದೇವೆ, ಏನು ಮುಟ್ಟಿಲ್ಲ ಅಂತ ಕವರಿನ ಹಿಂದೆ ನಾಲ್ಕು ಸಾಲು ಬರೆಯುವುದು ಕಷ್ಟದ ಕೆಲಸ ಅಲ್ಲ. ನಾನಂತೂ ಕೊಳ್ಳುವ ಮುಂಚೆ ಆ ಸಾಲುಗಳನ್ನು ಹುಡುಕುತ್ತೇನೆ.

ಬದುಕಿದ್ದವರ ನಡುವೆಯೂ ಇದು ಸುಲಭ ಅಲ್ಲ. ಅಮೆರಿಕದ ಬ್ಯಾಂಡ್ ಮೆಟಾಲಿಕಾ 1982ರ ಜುಲೈನಲ್ಲಿ 'ನೋ ಲೈಫ್ ಟಿಲ್ ಲೆದರ್' ಡೆಮೊ ಮಾಡಿತು, ಏಳು ಹಾಡು. ಅಭಿಮಾನಿಗಳು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿಕೊಂಡು ಅದನ್ನು ದೇಶದೇಶಕ್ಕೆ ಮುಟ್ಟಿಸಿದರು. ಬ್ಯಾಂಡ್ ಹೆಸರಾದದ್ದು ಆ ಟೇಪಿನಿಂದ. 2015ರ ಏಪ್ರಿಲ್‌ನಲ್ಲಿ ಅದು ಅಧಿಕೃತವಾಗಿ ಕ್ಯಾಸೆಟ್ ರೂಪದಲ್ಲೇ ಬಂತು. ದೊಡ್ಡ ಆವೃತ್ತಿಯ ಮಾತೂ ಇತ್ತು. ಆಗ ಡೇವ್ ಮಸ್ಟೇನ್ ಆಕ್ಷೇಪ ಎತ್ತಿದರು. ಡೆಮೊದಲ್ಲಿ ಗಿಟಾರ್ ನುಡಿಸಿದವರು ಅವರು, ಮರುವರ್ಷ ಬ್ಯಾಂಡಿನಿಂದ ಹೊರಬಿದ್ದು ಮೆಗಾಡೆತ್ ಕಟ್ಟಿದವರು. ತಾವು ಬರೆದ ಹಾಡುಗಳ ಹಕ್ಕಿನಲ್ಲಿ ಬೇರೆಯವರ ಹೆಸರೂ ಸೇರುತ್ತಿದೆ ಅನ್ನುವುದು ಅವರ ದೂರು. ಮಾತುಕತೆ ಮುರಿಯಿತು. ಸಣ್ಣ ಹುಡುಗರಾಗಿದ್ದಾಗ ಯಾರು ಯಾವ ಸಾಲು ತಂದರು ಅಂತ ಯಾರೂ ಬರೆದಿಟ್ಟಿರುವುದಿಲ್ಲ ಅಲ್ವಾ? ಮೂವತ್ತು ವರ್ಷದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ನೆನಪು. ಆದರೂ ಇಲ್ಲಿ ಮಸ್ಟೇನ್ ಇದ್ದರು, ಬೇಡ ಅಂದರು, ಅದಕ್ಕೆ ಬೆಲೆ ಸಿಕ್ಕಿತು. ಮ್ಯಾಂಟಿಕೋರ್‌ನ ಮೂವರಿಗೆ ಆ ಅವಕಾಶ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಕಪಾಟು ತೆರೆಯಬೇಕು ಅನ್ನುವವರ ಕಡೆಯೇ. ಅದಕ್ಕೆ ದೊಡ್ಡ ಕಾರಣ ಅಮೆರಿಕದ ಪೆಂಟಗ್ರಾಮ್. ಆ ಬ್ಯಾಂಡ್ ಹುಟ್ಟಿದ್ದು 1971ರಲ್ಲಿ. ಮೊದಲ ಆಲ್ಬಮ್ ಬಂದದ್ದು 1985ರಲ್ಲಿ. ನಡುವಿನ ವರ್ಷಗಳಲ್ಲಿ ಅವರು ಎಷ್ಟೋ ಹಾಡು ರೆಕಾರ್ಡ್ ಮಾಡಿದ್ದರು. ಕೆಲವು ಸಿಂಗಲ್ ಬಿಟ್ಟರೆ ಯಾವುದೂ ಜನರಿಗೆ ಮುಟ್ಟಲಿಲ್ಲ. 2000ರ ದಶಕದ ಶುರುವಿನಲ್ಲಿ ರಿಲ್ಯಾಪ್ಸ್ ಕಂಪನಿ ಆ 1970ರ ದಶಕದ ಹಾಡುಗಳನ್ನು 'ಫಸ್ಟ್ ಡೇಜ್ ಹಿಯರ್' ಅಂತ ಹೊರತಂದಿತು. ಬ್ಲ್ಯಾಕ್ ಸಬತ್ ಬ್ಯಾಂಡ್ ಬ್ರಿಟನ್‌ನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಭಾರದ ಸಂಗೀತ ಮಾಡುತ್ತಿದ್ದ ಕಾಲಕ್ಕೇ ವರ್ಜೀನಿಯಾದಲ್ಲೂ ಅಂಥದ್ದು ಹುಟ್ಟುತ್ತಿತ್ತು ಅಂತ ಜಾಸ್ತಿ ಜನಕ್ಕೆ ತಿಳಿದದ್ದು ಆವಾಗ. ಮೂವತ್ತು ವರ್ಷ ಒಂದು ಬ್ಯಾಂಡ್ ಚರಿತ್ರೆಯಲ್ಲಿ ಇದ್ದೂ ಇಲ್ಲದ ಹಾಗಿತ್ತು.

ಮೋಟರ್‌ಹೆಡ್‌ಗೆ ಹಾಗಾಗಲಿಲ್ಲ. 1980ರಲ್ಲಿ 'ಏಸ್ ಆಫ್ ಸ್ಪೇಡ್ಸ್' ಬಂತು, 1981ರಲ್ಲಿ ಅವರ ಲೈವ್ ಆಲ್ಬಮ್ ಬ್ರಿಟನ್‌ನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಹಳೇ ಟೇಪು ಬರದಿದ್ದರೂ ಅವರ ಹೆಸರಿಗೆ ಏನೂ ಕಡಿಮೆ ಆಗುತ್ತಿರಲಿಲ್ಲ. ಆದರೆ ಅವರು ಅಲ್ಲಿಗೆ ಹೇಗೆ ಬಂದರು ಅನ್ನುವುದು ಈಗ ಕಿವಿಗೇ ಗೊತ್ತಾಗುತ್ತದೆ. 'ದಿ ವಾಚರ್', 'ವೈಬ್ರೇಟರ್', 'ಲೀವಿಂಗ್ ಹಿಯರ್', 'ಮೋಟರ್‌ಹೆಡ್'. ಈ ನಾಲ್ಕೂ 'ಆನ್ ಪರೋಲ್'ನಲ್ಲಿವೆ, ಮ್ಯಾಂಟಿಕೋರ್‌ನಲ್ಲೂ ಇವೆ. ನಡುವೆ ಒಂದು ವರ್ಷವೂ ಇಲ್ಲ.

ನೀವು ಕೇಳುವುದಾದರೆ ನಾನು ಕೇಳಿದ ಕ್ರಮದಲ್ಲೇ ಕೇಳಿ. ಮೊದಲು 'ಆನ್ ಪರೋಲ್'ನ 'ಲಾಸ್ಟ್ ಜಾನಿ'. ಲೂಕಸ್ ಫಾಕ್ಸ್‌ರ ಡ್ರಮ್ಸ್ ಉಳಿದಿರುವುದು ಆ ಒಂದರಲ್ಲಿ. ಆಮೇಲೆ ಅದೇ ಆಲ್ಬಮ್‌ನ 'ಮೋಟರ್‌ಹೆಡ್', ಮುಗಿದ ಹಾಡಿಗೆ ಟೇಲರ್ ತಮ್ಮನ್ನು ಹೊಂದಿಸಿಕೊಳ್ಳುತ್ತಿರುವುದು. ಕೊನೆಗೆ ಅದೇ ಹಾಡು 1976ರ ಆಗಸ್ಟ್‌ನಲ್ಲಿ, ಆ ಹಳೇ ಸಿನಿಮಾ ಮಂದಿರದಲ್ಲಿ. ಇಲ್ಲಿ ಟೇಲರ್ ಯಾರ ಹಿಂದೆಯೂ ಓಡಬೇಕಿಲ್ಲ. ಲೆಮ್ಮಿಯ ಬಾಸ್ ಅವರ ಪಕ್ಕದಲ್ಲೇ ಇದೆ.